ಸಾಕುಮೊಲಗಳ ಚರ್ಮರೋಗಗಳು: ಅವುಗಳನ್ನು ಗುರುತಿಸುವ ಮತ್ತು ನಿವಾರಿಸುವ ಕ್ರಮ

ಮನೆಗಳಲ್ಲಿ ಮೊಲಗಳನ್ನು ಸಾಕುವ ವಾಡಿಕೆಯು ಪಟ್ಟಣಗಳಿಂದ ಗ್ರಾಮಗಳಿಗೂ ಬಂದಿರುವುದು. ಮಕ್ಕಳ ಸಂತೋಷಕ್ಕಾಗಿ ಒಂದು ಜೊತೆಯನ್ನು ತಂದವರ ಮನೆಯಲ್ಲಿ ವರ್ಷ ತುಂಬುವುದರೊಳಗೆ ಗೂಡು ತುಂಬುವುದು. ಅಲ್ಲಿಂದ ಮರಿಗಳು ನೆಂಟರ ಮನೆಗೂ ನೆರೆಯವರ ಮನೆಗೂ ಹೋಗುವುವು. ಹೀಗೆ ಮರಿಯು ಕೈಯಿಂದ ಕೈಗೆ ಹೋಗುವಾಗ ಅದರೊಡನೆ ಕಣ್ಣಿಗೆ ಕಾಣದ ಕಜ್ಜಿಯ ಹುಳುವೂ ಹೋಗುವುದುಂಟು. ಮೊದಲು ಒಂದು ಮೊಲದ ಮೂಗಿನ ಮೇಲೆ ಕಾಣಿಸಿದ ಬಿಳಿಯ ಹಕ್ಕಳೆಯನ್ನು ಯಾರೂ ಲಕ್ಷಿಸದೆ ಹೋದರೆ, ಆ ಗೂಡಿನ ಮೊಲಗಳೆಲ್ಲವೂ ಸೊರಗುವುವು. ನೆರೆಯವರ ಗೂಡುಗಳೂ ಉಳಿಯುವುದಿಲ್ಲ. ಮೊಲವನ್ನು ಎತ್ತಿ ಆಡಿಸಿದ ಮಕ್ಕಳ ಕೈಗಳಲ್ಲಿಯೂ ತುರಿಯೆದ್ದೀತು.

ಈ ರೋಗಗಳಲ್ಲಿ ಹೆಚ್ಚಿನವು ಗುಣವಾಗತಕ್ಕವೇ. ಆದರೆ ರೋಗದಿಂದ ಬದುಕಿ ಉಳಿಯಬಹುದಾಗಿದ್ದ ಮೊಲವು ತಪ್ಪು ಔಷಧದಿಂದ ಸತ್ತುಹೋಗುವುದುಂಟು. ದನಕ್ಕೂ ನಾಯಿಗೂ ಹಿತವಾದ ಮದ್ದುಗಳಲ್ಲಿ ಕೆಲವು ಮೊಲಕ್ಕೆ ವಿಷವೇ ಆಗಿರುವುವು. ಆದುದರಿಂದ ಮೊಲವನ್ನು ಸಾಕುವವರೂ, ಗ್ರಾಮದಲ್ಲಿ ನಾಲ್ವರಿಗೆ ಬುದ್ಧಿ ಹೇಳುವ ಮುಖ್ಯಸ್ಥರೂ ಭೂಮಾಲೀಕರೂ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಮೊದಲನೆಯದು, ಹುಣ್ಣು ಮೈಯ ಯಾವ ಭಾಗದಲ್ಲಿದೆ ಎಂಬುದನ್ನು ನೋಡಿ ರೋಗವನ್ನು ಊಹಿಸುವುದು. ಎರಡನೆಯದು, ಮೊಲಕ್ಕೆ ಚಿಕಿತ್ಸೆ ಮಾಡುವಾಗಲೇ ಗೂಡಿಗೂ ಚಿಕಿತ್ಸೆ ಮಾಡುವುದು. ಮೂರನೆಯದು, ಬೇರೆ ಪ್ರಾಣಿಗಳ ಔಷಧವನ್ನು ವೈದ್ಯರ ಮಾತಿಲ್ಲದೆ ಮೊಲಕ್ಕೆ ಮುಟ್ಟಿಸದಿರುವುದು. ಮುಂದೆ ಹೇಳುವುದೆಲ್ಲವೂ ಈ ಮೂರರ ವಿವರಣೆಯೇ ಆಗಿರುವುದು.

ಸಾಕುಮೊಲವೂ ಕಾಡುಮೊಲವೂ

ನಾವು ಗೂಡಿನಲ್ಲಿ ಸಾಕುವ ಮೊಲವು ನಮ್ಮ ಹೊಲಗಳ ಬದುವಿನಲ್ಲಿ ಕಾಣುವ ಕಾಡುಮೊಲದ ಜಾತಿಯದಲ್ಲ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ ಮೊದಲಾದ ಸಾಕುತಳಿಗಳೆಲ್ಲವೂ ಯೂರೋಪಿನ ಸ್ಪೇನ್ ಸೀಮೆಯ ಬಿಲವಾಸಿ ಮೊಲದ ಸಂತತಿಯವು. ಬಿಲದಲ್ಲಿ ಹುಟ್ಟುವ ಇವುಗಳ ಮರಿಗಳಿಗೆ ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ಕಾಡುಮೊಲದ ಮರಿಯಾದರೋ ಕೂದಲಿನೊಡನೆಯೂ ತೆರೆದ ಕಣ್ಣಿನೊಡನೆಯೂ ನೆಲದ ಮೇಲೆಯೇ ಹುಟ್ಟುವುದು. ಕಾಡುಮೊಲಕ್ಕೆ 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಅದನ್ನು ಹಿಡಿದು ತಂದು ಸಾಕುವುದು ಅಪರಾಧ. ಈ ಲೇಖನದಲ್ಲಿ ಹೇಳಿರುವುದು ಸಾಕುಮೊಲಕ್ಕೆ ಮಾತ್ರ ಸಂಬಂಧಪಟ್ಟದ್ದು.

ಮೊಲದ ಚರ್ಮದ ಸ್ವಭಾವ

ಮೊಲದ ಚರ್ಮವು ಬಹಳ ತೆಳುವಾದುದು. ಒರಟಾಗಿ ಬಾಚಿದರೆ ಅಥವಾ ಕತ್ತರಿ ಸ್ವಲ್ಪ ಓರೆಯಾದರೆ ಹರಿದುಹೋಗುವುದು. ನಾಯಿಬೆಕ್ಕುಗಳ ಅಂಗಾಲಿನಲ್ಲಿರುವಂತಹ ಮೆತ್ತೆಯು ಮೊಲದ ಅಂಗಾಲಿನಲ್ಲಿಲ್ಲ. ಅಲ್ಲಿರುವುದು ದಟ್ಟವಾದ ಕೂದಲು ಮಾತ್ರ. ಮೊಲವು ತನ್ನ ಮೈಯನ್ನು ದಿನವೂ ನೆಕ್ಕಿ ಶುದ್ಧಮಾಡಿಕೊಳ್ಳುವ ಪ್ರಾಣಿ. ಆದುದರಿಂದ ಅದರ ಮೈಗೆ ಹಚ್ಚಿದ್ದೆಲ್ಲವೂ ಅದರ ಹೊಟ್ಟೆಗೂ ಹೋಗುವುದೆಂದು ತಿಳಿಯಬೇಕು. ಆರೋಗ್ಯವಾಗಿರುವ ಮೊಲಕ್ಕೆ ಸ್ನಾನ ಮಾಡಿಸುವ ಅವಶ್ಯಕತೆಯಿಲ್ಲ. ನೀರಿನಲ್ಲಿ ಅದ್ದಿದರೆ ಅದು ಗಾಬರಿಗೊಂಡು, ದಟ್ಟವಾದ ಕೂದಲು ಬೇಗ ಆರದೆ, ಮೈ ತಣ್ಣಗಾಗಿ ಅಪಾಯಕ್ಕೀಡಾಗುವುದು.

ಪರೀಕ್ಷಿಸುವ ಕ್ರಮ

ವಾರಕ್ಕೊಮ್ಮೆಯಾದರೂ ಪ್ರತಿಯೊಂದು ಮೊಲವನ್ನೂ ಹಗಲಿನ ಬೆಳಕಿನಲ್ಲಿ ಕೈಗೆತ್ತಿಕೊಂಡು ನೋಡತಕ್ಕದ್ದು. ಕಿವಿ ಹಿಡಿದು ಎತ್ತುವುದು ಕ್ರೂರವೂ ಅಪಾಯಕರವೂ ಆದುದು. ಒಂದು ಕೈಯನ್ನು ಎದೆಯ ಕೆಳಗೂ ಮತ್ತೊಂದನ್ನು ಹಿಂಗಾಲುಗಳ ಕೆಳಗೂ ಕೊಟ್ಟು, ಮೈಗೆ ಒತ್ತಿಕೊಂಡು ಎತ್ತಬೇಕು. ಹಿಂಭಾಗಕ್ಕೆ ಆಧಾರವಿಲ್ಲದಿದ್ದರೆ ಮೊಲವು ಜೋರಾಗಿ ಒದ್ದುಕೊಂಡು ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳುವುದುಂಟು. ಹೆದರುವ ಮೊಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿಯುವುದು ಲೇಸು.

ಮೂಗು, ತುಟಿ, ಕಣ್ಣಿನ ಸುತ್ತ, ಕಿವಿಯ ಅಂಚು, ಕಿವಿಯ ಒಳಭಾಗ, ಗದ್ದದ ಕೆಳಗೆ, ಬೆನ್ನು, ಬಾಲದ ಬುಡ, ಗುಹ್ಯಭಾಗ, ಕಡೆಯಲ್ಲಿ ನಾಲ್ಕು ಪಾದಗಳ ಅಡಿ, ಹೀಗೆ ಒಂದು ಕ್ರಮದಿಂದ ನೋಡುತ್ತ ಬರಬೇಕು. ಕೂದಲನ್ನು ಎದುರುದಿಕ್ಕಿಗೆ ಊದಿದರೆ ಚರ್ಮವು ಕಾಣುವುದು. ಹೊಟ್ಟು ಕಂಡರೆ ಮೃದುವಾದ ಬಾಚಣಿಗೆಯಿಂದ ಅದನ್ನು ಮಕ್ಕಳ ಕಪ್ಪು ಸ್ಲೇಟಿನ ಮೇಲೆ ಉದುರಿಸಿ ಭೂತಗನ್ನಡಿಯಿಂದ ಪರೀಕ್ಷಿಸಬಹುದು. ನಿಶ್ಚಯವಾದ ನಿರ್ಣಯಕ್ಕೆ ಮಾತ್ರ ಪಶುವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ತೆಗೆದ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಅವಶ್ಯಕ.

ರೋಗವಲ್ಲದ ಕೂದಲುದುರುವಿಕೆ

ಕೂದಲು ಉದುರಿತೆಂದ ಮಾತ್ರಕ್ಕೆ ರೋಗವೆನ್ನಲಾಗದು. ಮೊಲಗಳು ವರ್ಷದಲ್ಲಿ ಕೆಲವು ಸಲ ಹಳೆಯ ಕೂದಲನ್ನು ಬಿಟ್ಟು ಹೊಸದನ್ನು ತಳೆಯುವುವು. ಆಗ ಚರ್ಮವು ಶುದ್ಧವಾಗಿದ್ದು ತುರಿಕೆಯಿರುವುದಿಲ್ಲ. ಗಬ್ಬದ ಹೆಣ್ಣುಮೊಲವು ಸುಮಾರು 30 ರಿಂದ 32 ದಿನಗಳಿಗೆ ಈಯುವುದು. ಅದಕ್ಕೆ ಮುಂಚೆ ಎದೆಯ ಮತ್ತು ಹೊಟ್ಟೆಯ ಕೂದಲನ್ನು ತಾನೇ ಕಿತ್ತು, ಬತ್ತಲೆಯಾಗಿ ಹುಟ್ಟುವ ಮರಿಗಳಿಗೆ ಹಾಸಿಗೆ ಮಾಡುವುದು. ಇದನ್ನು ರೋಗವೆಂದು ತಿಳಿದು ಔಷಧ ಹಚ್ಚಿದವರೂ ಉಂಟು. ಇಕ್ಕಟ್ಟಾದ ಗೂಡಿನಲ್ಲಿ ಅಥವಾ ಹುಲ್ಲು ಸಾಲದಿದ್ದಾಗ ಮೊಲಗಳು ಒಂದರ ಕೂದಲನ್ನೊಂದು ಕಡಿಯುವುವು. ಆಗ ಕೂದಲು ಕತ್ತರಿಸಿದಂತೆ ಮೊಟಕಾಗಿರುವುದಲ್ಲದೆ ಚರ್ಮದಲ್ಲಿ ಹಕ್ಕಳೆಯಿರುವುದಿಲ್ಲ. ಜಾಗವನ್ನೂ ಒಣಹುಲ್ಲನ್ನೂ ಹೆಚ್ಚಿಸುವುದೇ ಇದಕ್ಕೆ ಔಷಧ.

1. ಮೈಕಜ್ಜಿ

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡತಕ್ಕ ರೋಗವಿದು. ಸಾರ್ಕಾಪ್ಟಿಸ್ ಎಂಬ ಅತಿಸೂಕ್ಷ್ಮವಾದ ಹುಳು ಚರ್ಮದೊಳಗೆ ಸುರಂಗ ತೋಡಿ ಅಲ್ಲಿಯೇ ಮೊಟ್ಟೆಯಿಡುವುದು. ಮೊಟ್ಟೆಗಳು ಕೆಲವೇ ದಿನಗಳಲ್ಲಿ ಒಡೆದು, ಎರಡು ಮೂರು ವಾರಗಳಲ್ಲಿ ಹೊಸ ಹುಳುಗಳು ಮೊಟ್ಟೆಯಿಡುವಷ್ಟು ಬೆಳೆಯುವುವು. ರೋಗವು ಮೂಗು, ತುಟಿ, ಕಣ್ಣಿನ ಸುತ್ತ, ಕಿವಿಯ ಅಂಚು, ಮುಂಗಾಲಿನ ಬೆರಳುಗಳು ಇವುಗಳಲ್ಲಿ ಮೊದಲು ತೋರುವುದು. ಕೂದಲುದುರಿದ ಜಾಗದಲ್ಲಿ ಸುಣ್ಣ ಮೆತ್ತಿದಂತೆ ಬೂದುಬಿಳುಪಿನ ಹಕ್ಕಳೆ ಕಟ್ಟುವುದು. ತುರಿಕೆಯು ತಡೆಯಲಾರದಷ್ಟಿದ್ದು ಮೊಲವು ಹಗಲಿರುಳೂ ಕೆರೆದುಕೊಳ್ಳುವುದು. ಮುಖವನ್ನು ಮುಂಗಾಲಿನಿಂದ ಉಜ್ಜಿಕೊಳ್ಳುವುದರಿಂದ ಮುಖದ ರೋಗವು ಪಾದಕ್ಕೂ ಪಾದದ್ದು ಮುಖಕ್ಕೂ ಹರಡುವುದು. ತುಟಿ ಮೂಗುಗಳು ಗಟ್ಟಿಯಾಗಿ ಬಿರಿದ ಮೇಲೆ ಮೊಲವು ಮೇವನ್ನು ಬಿಡುವುದು, ಬಡಕಲಾಗಿ ಸಾಯುವುದು.

2. ಕಿವಿಕಜ್ಜಿ

ಸೊರಾಪ್ಟಿಸ್ ಎಂಬ ಬೇರೊಂದು ಹುಳು ಕಿವಿಯ ಒಳಭಾಗದಲ್ಲಿ ವಾಸಿಸುವುದು. ಇದು ಸುರಂಗ ತೋಡದೆ ಚರ್ಮದ ಮೇಲೆಯೇ ಇರುವುದು. ದೃಷ್ಟಿ ಚೆನ್ನಾಗಿರುವವರಿಗೆ ಬರಿಗಣ್ಣಿಗೂ ಚುಕ್ಕೆಯಂತೆ ಕಾಣುವುದು. ಮೊಲವು ಆಗಾಗ ತಲೆ ಕೊಡವುವುದೂ, ಹಿಂಗಾಲಿನಿಂದ ಕಿವಿ ಕೆರೆಯುವುದೂ, ಕಿವಿಯನ್ನು ಜೋಲುಬಿಡುವುದೂ ಮೊದಲ ಗುರುತುಗಳು. ಬಳಿಕ ಕಿವಿಯೊಳಗೆ ಕಂದುಬಣ್ಣದ ಹಕ್ಕಳೆಯು ಪದರಪದರವಾಗಿ ತುಂಬುವುದು, ದುರ್ವಾಸನೆ ಬರುವುದು. ರೋಗವು ಒಳಗಿವಿಗೆ ಇಳಿದರೆ ತಲೆಯು ಒಂದು ಪಕ್ಕಕ್ಕೆ ವಾಲಿ, ಮೊಲವು ನೆಟ್ಟಗೆ ನಡೆಯಲಾರದೆ ಸುತ್ತುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಹಕ್ಕಳೆಯನ್ನು ಕಂಡೊಡನೆ ಕಡ್ಡಿಯಿಂದಲೋ ಚಿಮಟದಿಂದಲೋ ಕಿತ್ತು ತೆಗೆಯಬೇಕೆಂದು ತೋರುವುದು ಸಹಜ. ಹಾಗೆ ಮಾಡಕೂಡದು. ಹಕ್ಕಳೆಯ ಕೆಳಗಿನ ಚರ್ಮವು ಹಸಿಗಾಯವಾಗಿರುವುದರಿಂದ ಕಿತ್ತರೆ ರಕ್ತ ಬರುವುದಲ್ಲದೆ ಮೊಲಕ್ಕೆ ಅಸಹ್ಯವಾದ ನೋವಾಗುವುದು. ಮುಂದೆ ಹೇಳುವ ಔಷಧದಿಂದ ಹುಳುಗಳು ಸತ್ತಮೇಲೆ ಹಕ್ಕಳೆಯು ದಿನಕ್ರಮದಲ್ಲಿ ತಾನಾಗಿಯೇ ಉದುರುವುದು.

3. ನಡೆಯುವ ಹೊಟ್ಟು

ಬೆನ್ನಿನ ಮೇಲೆ, ಮುಖ್ಯವಾಗಿ ಭುಜಗಳ ನಡುವೆಯೂ ಬಾಲದ ಬುಡದ ಬಳಿಯೂ, ಬಿಳಿಯ ಹೊಟ್ಟು ಹೆಚ್ಚಾಗಿ ಕಂಡರೆ ಕೈಲೆಟಿಯೆಲ್ಲಾ ಎಂಬ ಹುಳುವನ್ನು ಶಂಕಿಸಬೇಕು. ಹೊಟ್ಟನ್ನು ಕಪ್ಪು ಸ್ಲೇಟಿನ ಮೇಲೆ ಉದುರಿಸಿ ಸ್ವಲ್ಪ ಹೊತ್ತು ನೋಡಿದರೆ ಕೆಲವು ಹೊಟ್ಟಿನ ಚೂರುಗಳು ತಾವಾಗಿಯೇ ಚಲಿಸುವಂತೆ ತೋರುವುದು. ಅವುಗಳನ್ನು ಕದಲಿಸುವುದು ಈ ಹುಳುವೇ. ಕೆಲವು ಮೊಲಗಳಲ್ಲಿ ತುರಿಕೆಯೇ ಇಲ್ಲದೆ ರೋಗವು ಅಡಗಿರುವುದರಿಂದ, ಗೂಡಿನಲ್ಲಿ ಒಂದಕ್ಕೆ ಕಂಡರೆ ಎಲ್ಲಕ್ಕೂ ಚಿಕಿತ್ಸೆ ಮಾಡತಕ್ಕದ್ದು.

4. ಹುಳುಕಡ್ಡಿ ಅಥವಾ ಗಜಕರ್ಣ

ಹೆಸರಿನಲ್ಲಿ ಹುಳುವೆಂದಿದ್ದರೂ ಇದು ಹುಳುವಿನಿಂದ ಬರುವುದಲ್ಲ, ಒಂದು ಜಾತಿಯ ಬೂಷ್ಟಿನಿಂದ ಬರುವುದು. ತಲೆ, ಕಿವಿ, ಪಾದಗಳಲ್ಲಿ ದುಂಡಾಗಿ ಕೂದಲುದುರಿ, ಅಂಚು ಸ್ವಲ್ಪ ಕೆಂಪಾಗಿ, ಮೇಲೆ ಒಣಹೊಟ್ಟು ಕಟ್ಟುವುದು. ಮರಿಗಳಿಗೂ, ಇಕ್ಕಟ್ಟಾದ ತೇವದ ಗೂಡಿನಲ್ಲಿರುವವುಗಳಿಗೂ ಇದು ಬೇಗ ಅಂಟುವುದು. ಕಜ್ಜಿಯ ಔಷಧದಿಂದ ಇದು ವಾಸಿಯಾಗದು. ಆದುದರಿಂದಲೇ ಮೊದಲು ರೋಗನಿರ್ಣಯವಾಗುವುದು ಮುಖ್ಯ. ಕ್ಲೊಟ್ರಿಮಜೋಲ್ ಅಥವಾ ಮೈಕೊನಜೋಲ್ ಎಂಬ ಮುಲಾಮನ್ನು ವೈದ್ಯರು ಹೇಳಿದಂತೆ ಸುತ್ತಲಿನ ಕೂದಲನ್ನು ಜಾಗರೂಕತೆಯಿಂದ ಕತ್ತರಿಸಿ ಹಚ್ಚಬೇಕು. ರೋಗವು ಹೆಚ್ಚು ಹರಡಿದ್ದರೆ ಬಾಯಿಯ ಮೂಲಕ ಇಟ್ರಕೊನಜೋಲ್ ಮೊದಲಾದ ಔಷಧಗಳನ್ನು ಅವರೇ ಕೊಡುವರು. ಚಿಕಿತ್ಸೆಯು ವಾರಗಟ್ಟಲೆ ಸಾಗಬೇಕು. ಹೊಸ ಕೂದಲು ಕಂಡೊಡನೆ ನಿಲ್ಲಿಸಿದರೆ ರೋಗವು ಮರುಕಳಿಸುವುದು.

5. ಹಿಮ್ಮಡಿಯ ಹುಣ್ಣು

ಹಿಂಗಾಲಿನ ಅಡಿಯಲ್ಲಿ ಕೂದಲು ಸವೆದು, ಚರ್ಮವು ಕೆಂಪಾಗಿ, ಬಳಿಕ ಒಡೆದು ಹುಣ್ಣಾಗುವುದು. ಇದಕ್ಕೆ ಮೂಲಕಾರಣ ಗೂಡೇ. ಬರಿಯ ತಂತಿಜಾಲರಿಯ ನೆಲ, ಮೂತ್ರದಿಂದ ನೆನೆದ ಹಾಸಿಗೆ, ಓಡಾಡಲು ಜಾಗವಿಲ್ಲದೆ ಬೆಳೆದ ಕೊಬ್ಬು, ಕತ್ತರಿಸದೆ ಬಿಟ್ಟ ಉದ್ದ ಉಗುರು, ಇವುಗಳಿಂದ ಮೈಭಾರವೆಲ್ಲ ಹಿಮ್ಮಡಿಯ ಮೇಲೆ ಬೀಳುವುದು. ಮೊಲಕ್ಕೆ ಅಂಗಾಲಿನ ಮೆತ್ತೆಯಿಲ್ಲವೆಂದು ಮೇಲೆ ಹೇಳಿದೆಯಷ್ಟೆ. ತಂತಿಯ ಮೇಲೆ ಒಂದು ನಯವಾದ ಹಲಗೆಯನ್ನಿಟ್ಟು, ಅದರ ಮೇಲೆ ಒಣಹುಲ್ಲನ್ನು ದಪ್ಪವಾಗಿ ಹಾಸಿ, ದಿನವೂ ಬದಲಾಯಿಸಿದರೆ ಆರಂಭದ ಹುಣ್ಣು ಮಾಯುವುದು. ಹುಣ್ಣನ್ನು ನೀರಿನಲ್ಲಿ ತೆಳುಮಾಡಿದ ಪೊವಿಡೋನ್ ಅಯೊಡಿನ್ ದ್ರವದಿಂದ ತೊಳೆದು ಒಣಗಿಸತಕ್ಕದ್ದು. ಕೀವಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು; ಬಿಟ್ಟರೆ ರೋಗವು ಎಲುಬಿನವರೆಗೂ ಇಳಿಯುವುದು.

6. ಗಂಗೆದೊಗಲಿನ ನೆನೆ

ದೊಡ್ಡ ಹೆಣ್ಣುಮೊಲಗಳ ಗದ್ದದ ಕೆಳಗೆ ದನಗಳಿಗಿರುವಂತೆಯೇ ಜೋಲುವ ಗಂಗೆದೊಗಲುಂಟು. ಅಗಲವಾದ ಬಟ್ಟಲಿನಲ್ಲಿ ನೀರು ಕುಡಿಯುವಾಗ ಅದು ನೆನೆದು, ಒಣಗದೆ, ಚರ್ಮವು ಕೊಳೆಯುವುದು. ಒಂದು ಜಾತಿಯ ಸೂಕ್ಷ್ಮಜೀವಿ ಅಲ್ಲಿ ಬೆಳೆದಾಗ ಬಿಳಿಯ ಕೂದಲು ನೀಲಿಹಸುರು ಬಣ್ಣಕ್ಕೆ ತಿರುಗುವುದೂ ಉಂಟು. ಕೂದಲನ್ನು ಕತ್ತರಿಸಿ, ಶುದ್ಧಮಾಡಿ, ಒಣಗಿಸಿ, ನೀರನ್ನು ತೊಟ್ಟಿಕ್ಕುವ ಬಾಟಲಿಯಲ್ಲಿ ಅಥವಾ ಬಾಯಿ ಕಿರಿದಾದ ಭಾರವಾದ ಪಾತ್ರೆಯಲ್ಲಿ ಕೊಡಬೇಕು. ಬಟ್ಟಲಿನ ತಪ್ಪಲ್ಲದೆ ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ ಹಲ್ಲಿನ ದೋಷವನ್ನು ಪರೀಕ್ಷಿಸಬೇಕು.

7. ಗಾಯದಲ್ಲಿ ಹುಳ ಬೀಳುವುದು

ಮಳೆಗಾಲದಲ್ಲಿಯೂ ಸೆಕೆಯ ದಿನಗಳಲ್ಲಿಯೂ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಮೊಲವು ಹಿಕ್ಕೆಯಲ್ಲದೆ ಮೃದುವಾದ ಇನ್ನೊಂದು ಬಗೆಯ ಮಲವನ್ನು ವಿಸರ್ಜಿಸಿ ಅದನ್ನು ತಾನೇ ತಿನ್ನುವುದು. ಇದು ಅದರ ಜೀರ್ಣಕ್ರಮ, ರೋಗವಲ್ಲ. ಕೊಬ್ಬಿದ ಅಥವಾ ಕಾಲುನೋವಿನ ಮೊಲಕ್ಕೆ ಬಾಯಿ ಅಲ್ಲಿಗೆ ಎಟುಕದೆ ಆ ಮಲವು ಬಾಲದ ಬುಡದಲ್ಲಿ ಅಂಟಿಕೊಂಡು ನಾರುವುದು. ನೊಣಗಳು ಅಲ್ಲಿ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಮರಿಹುಳುಗಳು ಹೊರಟು ಜೀವಂತ ಮಾಂಸವನ್ನೇ ತಿನ್ನತೊಡಗುವುವು. ಬೆಳಿಗ್ಗೆ ಚೆನ್ನಾಗಿದ್ದ ಮೊಲವು ಮರುದಿನ ಸಾಯುವ ಸ್ಥಿತಿಗೆ ಬರಬಹುದು. ಕೂದಲನ್ನು ಕತ್ತರಿಸಿ, ಕಾಣುವ ಹುಳುಗಳನ್ನು ಚಿಮಟದಿಂದ ತೆಗೆದು, ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಿ, ಅಂದೇ ಪಶುವೈದ್ಯರ ಬಳಿಗೆ ಕೊಂಡೊಯ್ಯತಕ್ಕದ್ದು. ದನದ ಗಾಯಕ್ಕೆ ಹಾಕುವಂತೆ ಟರ್ಪೆಂಟೈನ್ ಎಣ್ಣೆಯನ್ನಾಗಲಿ ಫಿನೈಲನ್ನಾಗಲಿ ಮೊಲಕ್ಕೆ ಸುರಿಯಕೂಡದು.

8. ಕೀವುಗಂಟು ಮತ್ತು ಜನನಾಂಗದ ಹುಣ್ಣು

ಕಚ್ಚಾಟದ ಗಾಯದಿಂದಲೂ ಕೆಟ್ಟ ಹಲ್ಲಿನ ಬೇರಿನಿಂದಲೂ ದವಡೆಯಲ್ಲೋ ಮೈಯಲ್ಲೋ ಗಂಟು ಏಳುವುದುಂಟು. ಮೊಲದ ಕೀವು ನೀರಾಗಿರದೆ ಬೆಣ್ಣೆಯಂತೆ ಗಟ್ಟಿಯಾಗಿರುವುದರಿಂದ, ಸೂಜಿಯಿಂದ ಚುಚ್ಚಿ ಹಿಂಡಿದರೆ ಹೊರಬರುವುದಿಲ್ಲ. ವೈದ್ಯರು ಶಸ್ತ್ರಕ್ರಿಯೆಯಿಂದ ಚೀಲಸಹಿತವಾಗಿ ತೆಗೆಯುವುದೇ ಸರಿಯಾದ ಮಾರ್ಗ.

ಗುಹ್ಯಭಾಗದಲ್ಲಿಯೂ ತುಟಿಮೂಗುಗಳಲ್ಲಿಯೂ ಏಕಕಾಲದಲ್ಲಿ ಹಕ್ಕಳೆ ಕಂಡು, ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಅದು ಮೊಲಗಳಿಗೆ ಮಾತ್ರ ಬರುವ, ಕೂಡುವಿಕೆಯಿಂದ ಹರಡುವ ರೋಗವಾಗಿರಬಹುದು. ತಾಯಿಯಿಂದ ಮರಿಗಳಿಗೂ ಇದು ಅಂಟುವುದು, ಮನುಷ್ಯರಿಗೆ ಅಂಟದು. ಪೆನಿಸಿಲಿನ್ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಮೂರು ಸಲ ವೈದ್ಯರಿಂದ ಹಾಕಿಸಿದರೆ ಗುಣವಾಗುವುದು. ಜೊತೆಯಲ್ಲಿದ್ದ ಮೊಲಗಳಿಗೂ ಹಾಕಿಸಬೇಕು. ಗುಣವಾಗುವವರೆಗೆ ಗಂಡುಮೊಲವನ್ನು ಬೇರೆಯವರ ಗೂಡಿಗೆ ಬಿಡಕೂಡದು.

ಕಜ್ಜಿಗೆ ಔಷಧ ಮತ್ತು ಅದರ ಅಳತೆ

ಹಿಂದಿನ ಕಾಲದಲ್ಲಿ ಗಂಧಕದ ಮುಲಾಮುಗಳನ್ನು ಪದೇಪದೇ ಹಚ್ಚುವುದಲ್ಲದೆ ಬೇರೆ ಗತಿಯಿರಲಿಲ್ಲ. ಜಪಾನಿನ ಸತೋಷಿ ಓಮುರ ಅವರು ಅಲ್ಲಿಯ ಮಣ್ಣಿನಿಂದ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ಎಂಬ ಔಷಧವು ದೊರೆತು, 1981ರಿಂದ ಪಶುಗಳ ಬಳಕೆಗೆ ಬಂದಿತು. ಈ ಶೋಧಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ 2015ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಮೇಲೆ ಹೇಳಿದ ಮೂರು ಬಗೆಯ ಹುಳುಗಳಿಗೂ ಈ ಒಂದು ಔಷಧವೇ ಸಾಕಾಗುವುದು.

ಆದರೆ ಇದರ ಅಳತೆಯಲ್ಲಿ ಅತ್ಯಂತ ಜಾಗರೂಕತೆ ಬೇಕು. ಮೊಲಕ್ಕೆ ಒಂದು ಕಿಲೋಗ್ರಾಂ ತೂಕಕ್ಕೆ ಸಾಮಾನ್ಯವಾಗಿ 0.2 ರಿಂದ 0.4 ಮಿಲಿಗ್ರಾಂ ಔಷಧವನ್ನು ಚರ್ಮದ ಕೆಳಗೆ ಚುಚ್ಚುವರು. ದನಗಳಿಗಾಗಿ ಮಾರುವ ಶೇಕಡ 1ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿರುವುದು. 300 ಕಿಲೋಗ್ರಾಂ ತೂಗುವ ಹಸುವಿಗೆ ಕಿಲೋಗ್ರಾಮಿಗೆ 0.2 ಮಿಲಿಗ್ರಾಮಿನಂತೆ ಈ ದ್ರಾವಣ 6 ಮಿಲಿಲೀಟರ್ ಹಿಡಿಯುವುದು. 2 ಕಿಲೋಗ್ರಾಂ ತೂಗುವ ಮೊಲಕ್ಕಾದರೋ 0.04 ರಿಂದ 0.08 ಮಿಲಿಲೀಟರ್ ಮಾತ್ರ, ಅಂದರೆ ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ದನದ ಸೀಸೆಯಿಂದ ಅಂದಾಜಿನ ಮೇಲೆ ಒಂದು ಮಿಲಿಲೀಟರನ್ನು ಚುಚ್ಚಿದವನು ಹೆಚ್ಚಿನ ಅಳತೆಗೂ ಹನ್ನೆರಡು ಪಟ್ಟು ಮೀರಿ ಕೊಟ್ಟಂತಾಯಿತು. ಆದುದರಿಂದ ಮೊಲವನ್ನು ತಕ್ಕಡಿಯಲ್ಲಿ ತೂಗಿ, ವೈದ್ಯರಿಂದಲೇ ಹಾಕಿಸುವುದು ಕ್ಷೇಮ. ಮೊಲವು ಗಬ್ಬವಾಗಿದೆಯೇ, ಅದನ್ನು ಮಾಂಸಕ್ಕಾಗಿ ಸಾಕಿದೆಯೇ ಎಂಬುದನ್ನೂ ಅವರಿಗೆ ಮೊದಲೇ ತಿಳಿಸಬೇಕು.

ಈ ಔಷಧವು ಹುಳುವನ್ನು ಕೊಲ್ಲುವುದೇ ಹೊರತು ಮೊಟ್ಟೆಯನ್ನು ಕೊಲ್ಲದು. ಆದುದರಿಂದ 10 ರಿಂದ 14 ದಿನಗಳ ಅಂತರದಲ್ಲಿ ಎರಡನೆಯ ಸಲ, ವೈದ್ಯರು ಹೇಳಿದರೆ ಮೂರನೆಯ ಸಲವೂ ಹಾಕಿಸತಕ್ಕದ್ದು. ಮೊದಲನೆಯ ಚುಚ್ಚುಮದ್ದಿನಿಂದಲೇ ತುರಿಕೆ ತಗ್ಗುವುದರಿಂದ ಅನೇಕರು ಅಲ್ಲಿಗೇ ನಿಲ್ಲಿಸಿ, ತಿಂಗಳೊಳಗೆ ರೋಗವು ಮರಳಿತೆಂದು ಔಷಧವನ್ನು ದೂರುವರು. ಸೆಲಮೆಕ್ಟಿನ್ ಎಂಬ ಔಷಧವನ್ನು ಭುಜಗಳ ನಡುವಿನ ಚರ್ಮಕ್ಕೆ ಹನಿಸುವ ಕ್ರಮವೂ ಉಂಟು. ಅದನ್ನೂ ವೈದ್ಯರ ಅಳತೆಯ ಮೇರೆಗೇ ಬಳಸಬೇಕು.

ಮೊಲಕ್ಕೆ ಕೂಡದ ಔಷಧಗಳು

(1) ನಾಯಿಗಳ ಚಿಗಟ ಉಣುಗುಗಳಿಗೆ ಹನಿಸುವ ಅಥವಾ ಸಿಂಪಡಿಸುವ ಫಿಪ್ರೊನಿಲ್ ಔಷಧವನ್ನು ಮೊಲಕ್ಕೆ ಎಂದಿಗೂ ಮುಟ್ಟಿಸಕೂಡದು. ಅದರಿಂದ ಮೊಲವು ಮೇವು ಬಿಟ್ಟು, ಸೆಳೆತ ಬಂದು ಸಾಯುವುದು. ಹೊರನೋಟಕ್ಕೆ ಇದೂ ಸೆಲಮೆಕ್ಟಿನ್ನಿನಂತೆಯೇ ಸಣ್ಣ ಕೊಳವೆಯಲ್ಲಿ ಬರುವುದರಿಂದ ಹೆಸರನ್ನು ಓದದೆ ಬಳಸಬಾರದು.

(2) ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್ ಇವುಗಳನ್ನು ಬಾಯಿಯ ಮೂಲಕ ಕೊಡಬಾರದು. ಮೊಲದ ಕರುಳಿನಲ್ಲಿ ಮೇವನ್ನು ಜೀರ್ಣಿಸುವ ಹಿತಕರವಾದ ಸೂಕ್ಷ್ಮಜೀವಿಗಳು ಇವುಗಳಿಂದ ನಾಶವಾಗಿ, ವಿಷಕಾರಿಯಾದವು ಬೆಳೆದು, ಭೇದಿಯಾಗಿ ಮೊಲವು ಸಾಯುವುದು. ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಔಷಧವನ್ನು ಮೊಲಕ್ಕೆ ಕುಡಿಸುವುದು ಈ ಕಾರಣದಿಂದ ಬಹಳ ಅಪಾಯಕರ.

(3) ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕ, ಸೀಮೆಎಣ್ಣೆ, ಯಂತ್ರಗಳ ಹಳೆಯ ಎಣ್ಣೆ, ಹೊಗೆಸೊಪ್ಪಿನ ಕಷಾಯ ಇವು ಯಾವುವನ್ನೂ ಹಚ್ಚಬಾರದು. ತೆಳುಚರ್ಮದ ಮೂಲಕವೂ ನೆಕ್ಕುವುದರ ಮೂಲಕವೂ ವಿಷವು ಒಳಗೆ ಸೇರುವುದು.

(4) ಹುಳುಕಡ್ಡಿಗೆಂದು ಅಂಗಡಿಗಳಲ್ಲಿ ಸಿಕ್ಕುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳು ಮೊದಲು ತುರಿಕೆಯನ್ನು ತಗ್ಗಿಸಿ ಗುಣವಾದಂತೆ ತೋರಿಸಿದರೂ, ಒಳಗೊಳಗೇ ಬೂಷ್ಟನ್ನು ಹರಡಿಸುವುವು. ಮೊಲಗಳಿಗಂತೂ ಇವು ಹೆಚ್ಚು ಹಾನಿಕರ.

ಗೂಡಿನ ಚಿಕಿತ್ಸೆ

ಮೊಲವನ್ನು ಗುಣಪಡಿಸಿ ಅದೇ ಗೂಡಿಗೆ ಬಿಡುವುದು, ಮುಳ್ಳು ತೆಗೆದು ಮತ್ತೆ ಅದೇ ಮುಳ್ಳನ್ನು ತುಳಿದಂತೆ. ಕಿವಿಕಜ್ಜಿಯ ಹುಳುವು ತಂಪೂ ತೇವವೂ ಇರುವ ಕಡೆಯಲ್ಲಿ ಮೊಲದ ಮೈಯಿಂದ ಬೇರೆಯಾಗಿ ಮೂರು ವಾರಗಳವರೆಗೂ ಬದುಕಬಲ್ಲುದು. ಹುಳುಕಡ್ಡಿಯ ಬೀಜಕಣಗಳು ತಿಂಗಳುಗಟ್ಟಲೆ ಉಳಿಯುವುವು. ಆದುದರಿಂದ ಪ್ರತಿಸಲ ಔಷಧ ಹಾಕಿಸಿದ ದಿನವೇ ಗೂಡನ್ನೂ ಶುದ್ಧಮಾಡತಕ್ಕದ್ದು.

ಮೊದಲು ಮೊಲಗಳನ್ನು ಬೇರೆ ಕಡೆಗೆ ಸಾಗಿಸಿ, ಹಳೆಯ ಹಾಸಿಗೆ, ಕೂದಲು, ಗೋಣಿಚೂರುಗಳನ್ನೆಲ್ಲ ತೆಗೆದು ದೂರದಲ್ಲಿ ಸುಡಬೇಕು. ಅನಂತರ ಗೂಡನ್ನು ಸೋಪಿನ ಬಿಸಿನೀರಿನಿಂದ ಉಜ್ಜಿ ತೊಳೆದು, ಹಿಕ್ಕೆ ಮೂತ್ರಗಳ ಕಲೆಯಿಲ್ಲದಂತೆ ಮಾಡಬೇಕು. ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ ಹತ್ತು ಪಾಲು ನೀರು ಬೆರೆಸಿ ಬಳಿದು, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಒಣಗಿಸಬೇಕು. ಮೂತ್ರವನ್ನು ತೊಳೆಯದೆಯೇ ಬ್ಲೀಚ್ ಸುರಿದರೆ ಉಸಿರುಕಟ್ಟಿಸುವ ವಿಷದ ಹಬೆ ಏಳುವುದು. ಹಿಕ್ಕೆಯಿರುವ ಕಡೆ ಅದರ ಶಕ್ತಿಯೂ ಕುಗ್ಗುವುದು. ಕಬ್ಬಿಣದ ತಂತಿಗೂಡುಗಳಾದರೆ ಖಾಲಿಯಿರುವಾಗ ಜ್ವಾಲೆಯನ್ನು ಹಾಯಿಸುವುದು ಉತ್ತಮ. ಬಾಚಣಿಗೆ, ನೀರಿನ ಪಾತ್ರೆ, ಮರಿಪೆಟ್ಟಿಗೆಗಳನ್ನೂ ಮರೆಯಬಾರದು. ರೋಗದ ಮೊಲಗಳಿಗೆ ಮೇವು ಹಾಕುವ ಕೆಲಸವನ್ನು ದಿನದಲ್ಲಿ ಕೊನೆಗೆ ಇಟ್ಟುಕೊಂಡು, ಬಳಿಕ ಕೈಕಾಲು ತೊಳೆದು ಬಟ್ಟೆ ಬದಲಾಯಿಸುವುದು ಒಳ್ಳೆಯದು.

ಮನೆಯವರ ಆರೋಗ್ಯ

ಮೈಕಜ್ಜಿ, ನಡೆಯುವ ಹೊಟ್ಟು, ಹುಳುಕಡ್ಡಿ, ಈ ಮೂರೂ ಮನುಷ್ಯರಿಗೆ ತಗಲಬಲ್ಲುವು. ಮೊದಲೆರಡರಿಂದ ಮುಂಗೈ, ತೋಳು, ಹೊಟ್ಟೆಗಳಲ್ಲಿ ತುರಿಸುವ ಸಣ್ಣ ಗುಳ್ಳೆಗಳೇಳುವುವು. ಮೊಲವು ಗುಣವಾದರೆ ಇವು ಸಾಮಾನ್ಯವಾಗಿ ಅಡಗುವುವು. ಹುಳುಕಡ್ಡಿಯಾದರೋ ತಾನಾಗಿ ಬೇಗ ಹೋಗದು; ಮಕ್ಕಳ ನೆತ್ತಿಗೆ ತಗಲಿದರೆ ಕೂದಲುದುರುವುದು. ರೋಗವು ಮೊಲದಿಂದ ಬಂದಿರಬಹುದೆಂಬುದನ್ನು ವೈದ್ಯರಿಗೆ ಹೇಳಿ ಚಿಕಿತ್ಸೆ ಪಡೆಯಬೇಕು. ರೋಗದ ಮೊಲವನ್ನು ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

ಗ್ರಾಮದ ಮುಖ್ಯಸ್ಥರು ಮಾಡಬಹುದಾದುದು

ಒಂದು ಮನೆಯವರು ಎಷ್ಟೇ ಶ್ರಮಪಟ್ಟರೂ ನೆರೆಮನೆಯ ಗೂಡಿನಲ್ಲಿ ರೋಗವಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಈ ಕೆಲಸವು ಗ್ರಾಮಕ್ಕೆ ಒಟ್ಟಾಗಿ ಸೇರಿದ್ದು. ಸಂತೆಯಿಂದಲೋ ನೆಂಟರಿಂದಲೋ ತಂದ ಹೊಸ ಮೊಲವನ್ನು ಕನಿಷ್ಠ ನಾಲ್ಕು ವಾರ ಬೇರೆ ಗೂಡಿನಲ್ಲಿಟ್ಟು ನೋಡಿದ ಹೊರತು ಹಳೆಯವುಗಳೊಡನೆ ಬೆರೆಸಬಾರದೆಂಬ ಕಟ್ಟಳೆಯನ್ನು ಎಲ್ಲರೂ ಪಾಲಿಸುವಂತೆ ಮುಖ್ಯಸ್ಥರು ಹೇಳಬೇಕು. ರೋಗದ ಗೂಡಿನಿಂದ ಮರಿಯನ್ನು ಕೊಡುವುದೂ ತೆಗೆದುಕೊಳ್ಳುವುದೂ ಬೇಡವೆಂದು ತಿಳಿಯಪಡಿಸಬೇಕು. ಒಂದು ಸೀಸೆ ಔಷಧವು ಅನೇಕ ಮೊಲಗಳಿಗೆ ಸಾಕಾಗುವುದರಿಂದ, ಮೊಲ ಸಾಕಿರುವ ಮನೆಯವರೆಲ್ಲರೂ ಒಂದೇ ದಿನ ಒಂದೆಡೆ ಸೇರುವಂತೆ ಏರ್ಪಡಿಸಿ, ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಸಮೀಪದ ಆಸ್ಪತ್ರೆಯ ವೈದ್ಯರನ್ನು ಕರೆಸಿದರೆ ಖರ್ಚೂ ಕಡಿಮೆ, ಕೆಲಸವೂ ಪೂರ್ಣ. ಆ ದಿನ ಒಂದು ಮನೆಯ ಮೊಲವನ್ನೇ ಇನ್ನೊಂದರ ಬುಟ್ಟಿಗೆ ಹಾಕದೆ, ಅವರವರ ಬುಟ್ಟಿಯಲ್ಲಿಯೇ ತರುವಂತೆ ಎಚ್ಚರಿಕೆ ಕೊಡಬೇಕು. ಎರಡನೆಯ ಚುಚ್ಚುಮದ್ದಿನ ದಿನಾಂಕವನ್ನು ಅಂದೇ ಬರೆದಿಟ್ಟು, ಆ ದಿನವೂ ಎಲ್ಲರೂ ಬರುವಂತೆ ನೋಡಿಕೊಳ್ಳಬೇಕು.

ಮೊಲವು ದನದಂತೆ ಕೂಗಿ ತನ್ನ ನೋವನ್ನು ತಿಳಿಸುವುದಿಲ್ಲ. ಮೂಲೆಯಲ್ಲಿ ಮುದುರಿ ಕುಳಿತು ಮೇವನ್ನು ಬಿಡುವುದೇ ಅದರ ಭಾಷೆ. ಒಂದು ದಿನ ಮೇವು ಮುಟ್ಟದ ಮೊಲದ ಕರುಳು ನಿಂತು ಪ್ರಾಣಕ್ಕೇ ಅಪಾಯವಾಗುವುದರಿಂದ, ಚರ್ಮರೋಗದ ಮೊಲವು ಮೇವು ಬಿಟ್ಟರೆ ಕಾಯುತ್ತ ಕುಳಿತಿರದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ವಾರಕ್ಕೊಮ್ಮೆ ಕೈಗೆತ್ತಿಕೊಂಡು ಮೂಗಿನಿಂದ ಪಾದದವರೆಗೆ ನೋಡುವ ಅಭ್ಯಾಸವಿರುವ ಮನೆಯಲ್ಲಿ ರೋಗವು ಆ ಸ್ಥಿತಿಗೆ ಬರುವುದಕ್ಕೆ ಮೊದಲೇ ಸಿಕ್ಕಿಬೀಳುವುದು.